ಮೂರನೇ ಉಗಿಗಾಡಿ

ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಸುನೀಲಣ್ಣ ಕೈಯಾಗ ಖಾಲಿ ಕ್ಯಾನ್ ಹಿಡ್ಕೊಂಡು ಅಗಡಿ ಆಚೆಗಿನ ಹಳೇ ಗಾಡಿ ದಾರ್ಯಾಗ ಒಬ್ಬನ ನಡಕೋತ ಹೊಂಟಿದ್ದ. ಮುಂದ ಒಂದು ಆಲದ ಮರ. ಮರದ ಬುಡಕ್ಕ ಬಾವಿ...

ನಿರ್ಮಲಾ, ಮೇಣಬತ್ತಿ ಹಚ್ಚಬ್ಯಾಡ. ಕರೆಂಟ್ ಬರೂತನ ಹಿಂಗ ಇರ್ಲಿ. ನಿಮ್ಮ ಮುಖ ಕಂಡ್ರ ನನ್ನ ಬಾಯಿ ಕಟ್ತೈತಿ.

ಹೌದು, ನಂದೂ ಒಂದು ದೆವ್ವದ ಕತಿ ಐತಿ. ಈ ಹಾಸ್ಟೆಲ್ಲಿಗೆ ಬಂದು ಎಂಟು ತಿಂಗಳಾತು. ನೀವು ದಿನಾ ನಿಮ್ಮ ನಿಮ್ಮೂರ ದೆವ್ವ ಹೇಳ್ತೀರಿ, ನಾ ಚಾದರ ಹೊಚ್ಕೊಂಡು ಕೇಳ್ತೇನಿ. ಇದು ಹಂಗಲ್ಲ. ಇದು ನಮ್ಮ ಮನ್ಯಾಗ ಆಗಿದ್ದು, ಎರಡು ವರ್ಷದ ಹಿಂದ, ಎರಡು ಸಾವಿರದ ನಾಕನೇ ಇಸವ್ಯಾಗ. ಒಬ್ಬ ಮನುಷ್ಯಾ ಸತ್ತಾನ. ಅವನ ಹೇಣ್ತಿ "ಏನಾತ್ರಿ" ಅಂತ ಕೇಳಾಕ ಬಂದಾಗ ನಮ್ಮ ಮನೀ ಮಂದಿ ಖರೇ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಲ್ಲೇ ನಿಂತಿದ್ದೆ.

ಮೊದಲ ನಮ್ಮ ಮನೀದು ಒಂದು ಪದ್ಧತಿ ಹೇಳ್ತೇನಿ. ಅದು ಗೊತ್ತಿಲ್ಲಂದ್ರ ಉಳಿದಿದ್ದು ತಿಳ್ಯಂಗಿಲ್ಲ.

ನಮ್ಮದು ಬ್ಯಾಡಗಿ. ಮೆಣಸಿನಕಾಯಿ ವ್ಯಾಪಾರ. ದೃಷ್ಟಿ ತಗಿಯೂದು ನಿಮ್ಮ ಕಡೇನೂ ಐತಿ. ಮೆಣಸಿನಕಾಯಿ, ಉಪ್ಪು, ಸಾಸಿವಿ ನಿವಾಳಿಸಿ ಕೆಂಡದಾಗ ಒಗೀತಾರ. ಘಾಟು ಎದ್ದು ಎಲ್ಲಾರೂ ಕೆಮ್ಮಿದ್ರ ಚಲೋ, ಏನೂ ಇಲ್ಲ. ಘಾಟು ಬರಲಿಲ್ಲ ಅಂದ್ರ... ಏನೋ ಹಿಡದೈತಿ. ಮತ್ತ ತಗೀಬೇಕು. ಘಾಟು ಬರೂತನ ತಗೀಬೇಕು, ಬರೂತನ ಹೊಸ್ತಲಾ ದಾಟಬಾರದು. ಹೌದಲ್ಲ?

ನಮ್ಮ ಮನ್ಯಾಗ ಬ್ಯಾರೆ. ಘಾಟು ಬರ್ಲಿ, ಬಿಡ್ಲಿ, ಮನೀ ಗಂಡಸು ಒಬ್ಬ ಕೆಮ್ಮಬೇಕು. ಕೆಮ್ಮಿದ್ರ ಮುಗೀತು. ಯಾಕ ಅಂತ ಕೇಳಿದ್ರ "ಹಿಂದಿನಿಂದ ಬಂದೈತಿ, ಸುಮ್ಕಿರು" ಅಂತಿದ್ರು. ಕೆಮ್ಮೂದ್ರಾಗ ಸುನೀಲಣ್ಣ ಭಾಳ ಶಾಣ್ಯಾ. ಅಂವ ನಮ್ಮ ದೊಡ್ಡಪ್ಪ ಫಕ್ಕೀರಪ್ಪನ ಮಗ, ನನಗಿಂತ ಎಂಟು ವರ್ಷ ದೊಡ್ಡಾಂವ. ಕಂಬ ಹಿಡ್ಕೊಂಡು, ಬಗ್ಗಿ ಬಗ್ಗಿ, ಕಣ್ಣಾಗ ನೀರು ತಂದ್ಕೊಂಡು ಕೆಮ್ಮತಿದ್ದ. "ಸಾಕೋ ಭಾಡ್ಯಾ, ದೃಷ್ಟಿಗಿಂತ ಮೊದಲ ನೀ ಹೋದಿ" ಅಂತ ಆಯಿ ನಗತಿದ್ದಳು. ಆಯಿ ಅಂದ್ರ ನಮ್ಮಪ್ಪನ ಅವ್ವ, ಗದಿಗೆವ್ವ.

ಇನ್ನೊಂದು ಸಂಗತಿ. ನಮ್ಮ ಮುತ್ತಜ್ಜ ಮಾಲತೇಶಪ್ಪ ಮೋಟಾರ್ ಗಾಡಿ ಮಾಡ್ತಿದ್ದ.

ನಗಬ್ಯಾಡ್ರಿ. ಪೆಟ್ರೋಲಿಂದಲ್ಲ. ಉಗಿಗಾಡಿ. ರೈಲಿನ ಹಂಗ ನೀರು ಕಾಸಿ, ಉಗಿ ಎಬ್ಬಿಸಿ ಓಡಸೂದು, ಆದ್ರ ಹಳಿ ಇಲ್ಲ, ಡಾಂಬರೂ ಇಲ್ಲ, ಕೆಂಪು ಮಣ್ಣಿನ ರಸ್ತಾದ ಮ್ಯಾಲೆ. ನೂರು ವರ್ಷದ ಹಿಂದಿನ ಮಾತು. ನಾನೂ ನಂಬಿದ್ದಿಲ್ಲ. ಆಮೇಲೆ ನಮ್ಮೂರ ಲೈಬ್ರರ್ಯಾಗ ಒಂದು ಹಳೇ ಪಂಚಾಂಗದ ರಟ್ಟು ಕಿತ್ತು ಕೈಯಾಗ ಬಂತು. ರಟ್ಟಿನ ಒಳಮೈಗೆ ಅಂಟಿಸಿದ ಕಾಗದದ ಮ್ಯಾಲೆ ಅಕ್ಷರ ಇದ್ವು. ಉಗುಳು ಹಚ್ಚಿ ಮೆತ್ತಗ ಬಿಡಿಸಿದೆ. ಜಾಹೀರಾತು.

"ಎತ್ತು ಬೇಡ. ಕುದುರೆ ಬೇಡ. ಮೇವು ಬೇಡ. ಬರೀ ನೀರು ಕುಡಿದು ಓಡುವ ಗಾಡಿ. ಶ್ರೀ ಮಾಲತೇಶ ಉಗಿಗಾಡಿ ಕಾರಖಾನೆ, ಬ್ಯಾಡಗಿ."

ಓಡಿಕೋತ ಮನಿಗೆ ಹೋಗಿ ಆಯಿಗೆ ಓದಿ ತೋರ್ಸಿದೆ. ಆಯಿ ಮಾಲತೇಶಪ್ಪನ ಸೊಸಿ. ಮಾವ ಸಾಯೂತನ ಅಕೀನ ನೋಡ್ಕೊಂಡಾಳ.

"ನೀರು ಕುಡಿದು ಓಡತಿತ್ತಂತ? ನೀರು ಕುಡಿದು ಮಲಗತಿತ್ತು, ಎಮ್ಮಿ ಹಂಗ. ಮೂರು ಮೈಲಿಗೊಂದು ಬಾವಿ ಬೇಕಾಗತಿತ್ತು ಅದಕ್ಕ," ಅಂದ್ಲು.

ಆ ಕಾರಖಾನೆ ನಡದದ್ದು ಒಂದೂವರಿ ವರ್ಷ. ಒಟ್ಟು ಮೂರು ಗಾಡಿ ಆದ್ವು. ಮುತ್ತಜ್ಜಗ ಹುಚ್ಚು ಇತ್ತು, ಕೈಗುಣ ಇದ್ದಿಲ್ಲ. ಕೈಗುಣ ಇದ್ದಾಂವ ಯೂಸುಫಸಾಬ ಅಂತ, ರಾಣೆಬೆನ್ನೂರಾಗ ಹತ್ತಿ ಜಿನ್ನಿಂಗ್ ಮಿಲ್ಲಿನ ಬಾಯ್ಲರ್ ನೋಡ್ಕೊತಿದ್ದ ಮಿಸ್ತ್ರಿ. ಅವನ್ನ ಕರಕೊಂಡು ಬಂದು ಮನೀ ಹಿತ್ತಲದಾಗ ಕುಲುಮಿ ಹಾಕಿ ಕೊಟ್ರು. ಹನ್ನೆರಡು ವರ್ಷ ಬಾಯ್ಲರ್ ಮುಂದ ಕುಂತು ಅವನ ಮೂಗು ಸತ್ತಿತ್ತಂತ. ಮಲ್ಲಿಗಿ ಹಿಡದ್ರೂ ಅಷ್ಟ, ಸಗಣಿ ಹಿಡದ್ರೂ ಅಷ್ಟ. ಏನರ ಸುಟ್ಟ ವಾಸನಿ ಬರಾಕತ್ತೈತೇನು ಅಂತ ಮಂದೀನ್ನ ಕೇಳ್ಕೊಂತ ಕೆಲಸ ಮಾಡಾಂವ.

ಒಂದನೇ ಗಾಡಿಗೆ ಉಗಿ ಏರಬೇಕಂದ್ರ ಮುಂಜಾನೆ ಜಳಕ ಮಾಡಿ, ಪೂಜಿ ಮಾಡಿ, ರೊಟ್ಟಿ ತಿಂದು ಬರೂವಷ್ಟು ಹೊತ್ತು. ಸಂತಿ ದಿನ ಹೊರಗ ತಂದ್ರು. "ಸ್ಸ್ಸ್..." ಅಂದಿದ್ದ ತಡ, ಒಂದು ಜೋಡಿ ಎತ್ತು ಚಕ್ಕಡಿ ಮೂಕಿ ಮುರಕೊಂಡು ಹಳ್ಳಕ್ಕ ಹೋದ್ವು. ಆ ಗಾಡಿ ಬಿಚ್ಚಿ ಹಾಕಿದ್ರು. ಎರಡನೇದ್ದನ್ನ ಹೊಸರಿತ್ತಿ ಕಡೆ ಒಬ್ಬ ಇನಾಮದಾರ ಒಯ್ದ. ನಾಕ ದಿನ ಓಡಸಿದ. ಆಮೇಲೆ ಅವ್ರ ಮನೀ ಮದವ್ಯಾಗ ಬೀಗರ ಜಳಕಕ್ಕ ಅದರ ಬಾಯ್ಲರಿನಾಗ ನೀರು ಕಾಸತಿದ್ರಂತ. ಇದನ್ನ ಹೇಳಿ ಆಯಿ ಹೊಟ್ಟಿ ಹಿಡ್ಕೊಂಡು ನಕ್ಕಳು.

"ಮೂರನೇದ್ದು?" ಅಂದೆ.

ಆಯಿ ನಗೂದು ನಿಲ್ಲಿಸಿದಳು. "ಯೂಸುಫಸಾಬ ಕದ್ದು ಒಯ್ದ. ಗಾಡಿ ಸಮೇತ ಮುಂಬೈಗೆ ಓಡಿ ಹೋದ. ಅದಕ್ಕ ಕಾರಖಾನೆ ಮುಚ್ಚಿತು."

"ಮೂರು ಮೈಲಿಗೊಂದು ಬಾವಿ ಬೇಕಾಗತಿತ್ತು ಅಂದಿ. ಮುಂಬೈತನಕ ಹೆಂಗ ಹೋದ ಆಯಿ?"

"ನೀ ಭಾಳ ಓದ್ತಿ ನೋಡು," ಅಂದು ಎದ್ದು ಒಳಗ ಹೋದಳು.

ಈಗ ಸುನೀಲಣ್ಣನ ಕತಿಗೆ ಬರ್ತೇನಿ.

ಆ ವರ್ಷ ಮಾಘದಾಗ ಅಂವ ಒಂದು ಸೆಕೆಂಡ್ ಹ್ಯಾಂಡ್ ಮಟಾಡೋರ್ ವ್ಯಾನು ತಂದ. ನೀಲಿ ಬಣ್ಣ. ಮನೀ ಮುಂದ ನಿಲ್ಲಿಸಿ ಪೂಜಿ ಮಾಡಿದ್ರು. ಗಾಲಿಗೆ ನಿಂಬಿಹಣ್ಣ ಇಟ್ರು. ಆಯಿ ಏಳು ಮೆಣಸಿನಕಾಯಿ ನಿವಾಳಿಸಿ ಕೆಂಡದ ಬುಟ್ಟ್ಯಾಗ ಒಗದಳು. "ಚಿಟ್... ಚಿಟ್..." ಅಂತ ಸಾಸಿವಿ ಸಿಡೀತು. ಹೊಗಿ ಎದ್ದಿತು.

ಘಾಟು ಬರಲಿಲ್ಲ.

ನಾ ಬುಟ್ಟಿ ಹಂತ್ಯಾಕ ನಿಂತಿದ್ದೆ. ಹೊಗಿ ನನ್ನ ಮುಖದ ಮ್ಯಾಲೆ ಬಂತು. ಬರೇ ಬೆಚ್ಚಗ ಇತ್ತು, ಅಷ್ಟ. ಆಯಿ ಮತ್ತ ಏಳು ಒಗದಳು. ಆಗಲೂ ಇಲ್ಲ. ಓಣ್ಯಾಗಿನ ಮಂದಿ ಒಬ್ಬರ ಮುಖ ಒಬ್ಬರು ನೋಡಿದ್ರು.

"ಬ್ಯಾಡಗಿ ಮೆಣಸಿನಕಾಯಿ ಬೇ ಆಯಿ," ಅಂದ ಸುನೀಲಣ್ಣ. "ಬಣ್ಣ ಭಾಳ, ಖಾರ ಕಡಿಮಿ. ಗುಂಟೂರದ್ದು ತರಬೇಕಿತ್ತು." ಎಲ್ಲಾರೂ ನಕ್ರು. ಅಂವ ಮಟಾಡೋರಿನ ಬಾಗಲಾ ಹಿಡ್ಕೊಂಡು ಬಗ್ಗಿ ಬಗ್ಗಿ ಕೆಮ್ಮಿದ. "ಆತು, ಹೊಂಡ್ರಿ," ಅಂದ ದೊಡ್ಡಪ್ಪ.

ಅವತ್ತಿಂದ ನಾಕನೇ ದಿನ ಅದು. ಸೋಮವಾರ, ಪ್ಯಾಟಿ ದಿನ. ಹಾವೇರಿಗೆ ಮಾಲು ಇಳಿಸಿ, ಅಗಡ್ಯಾಗ ನಮ್ಮ ಅತ್ತಿ ಮನಿಗೆ ಒಂದು ಚೀಲ ಕೊಟ್ಟು ಹೊಳ್ಳಿ ಬರಬೇಕಂದ್ರ ತಡ ಆತು. ಜೋಡಿಗೆ ಮೈಲಾರೆಪ್ಪ ಇದ್ದ. ದೇವರಗುಡ್ಡದಾಂವ, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಹಮಾಲಿ ಮಾಡ್ತಿದ್ದ. ನಾ ಸಣ್ಣಾಕಿ ಇದ್ದಾಗ ನನ್ನನ್ನೂ ಚೀಲದ ಹಂಗ ಬೆನ್ನ ಮ್ಯಾಲೆ ಹೊತ್ಕೊಂಡು ಸಾಲಿಗೆ ಬಿಟ್ಟು ಬರಾಂವ. ಮೈಲಾರಲಿಂಗನ ಭಕ್ತ. ಕುಡೀತಿದ್ದಿಲ್ಲ. ಇದನ್ನ ನೆಪ್ಪಿನಾಗ ಇಟ್ಕೋರಿ. ಕುಡೀತಿದ್ದಿಲ್ಲ.

ಊರು ದಾಟಿ ಒಂದು ಮೈಲಿ ಬಂದಾರ, ಮಟಾಡೋರ್ ಕುದಿಯಾಕ ಹತ್ತೇತಿ. ರೇಡಿಯೇಟರ್ ಒಳಗ "ಕೊತ ಕೊತ ಕೊತ" ಅಂತ ಸಪ್ಪಳ. ನೀರು ಇಂಗಿತ್ತು. ಸುನೀಲಣ್ಣ ಇಂಜಿನ್ ಬಂದ್ ಮಾಡಿದ.

"ನಿಮ್ಮ ಮುತ್ತಜ್ಜನ ಗಾಡಿ ಆತಿದು," ಅಂದ ಮೈಲಾರೆಪ್ಪ. "ಬಾವಿ ಕಂಡಲ್ಲೆ ನಿಂದರತೈತಿ."

"ಬಾವಿನರ ಎಲ್ಲೈತೋ ಮಾರಾಯಾ?"

"ಅಕ್ಕೋ, ಆ ಆಲದ ಮರದ ಬುಡಕ್ಕ ಕಟ್ಟಿ ಕಾಣ್ತೈತ್ರಿ ದಿನಾ. ನೀರೈತೋ ಇಲ್ಲೋ ದೇವ್ರಿಗೆ ಗೊತ್ತು. ತರ್ರಿ, ನಾ ಹೋಗಿ ಬರ್ತೇನಿ."

"ನಿನ್ನ ಕಾಲು ನೋವೈತಿ, ಕುಂದ್ರು. ನಾ ಹೋಗ್ತೇನಿ." ಆಮೇಲೆ ಹೊಳ್ಳಿ ನಿಂತು ಹೇಳ್ಯಾನ, "ಮುಚ್ಚಳ ಮುಟ್ಟಬ್ಯಾಡ ಮತ್ತ. ಆರ್ಲಿ. ಈಗ ತಗದ್ರ ಮುಖಕ್ಕ ಹಾರತೈತಿ."

"ಇಷ್ಟು ತಿಳ್ಯಂಗಿಲ್ಲೇನ್ರಿ ನನಗ," ಅಂದಾನ ಮೈಲಾರೆಪ್ಪ.

ಇಲ್ಲಿಂದ ಮುಂದಿಂದು ಸುನೀಲಣ್ಣ ನನಗೊಬ್ಬಾಕಿಗೆ ಹೇಳಿದ್ದು. ಅಟ್ಟದ ಮ್ಯಾಲೆ, ಪಿಸಪಿಸ ಅಂತ, ಹಿಂಗ ಕತ್ತಲಾಗ.

ಹೊಂಟಾನ. ಚಪ್ಪಲಿ "ಫಟ್... ಫಟ್..." ಕ್ಯಾನಿನ ಹಿಡಿಕಿ "ಕಿರ್ರ್... ಕಿರ್ರ್..." ಎರಡೂ ಬದಿ ಹೊಲದಾಗ ಹುಳ ಚೀರ್ತಿದ್ವು. ಆಲದ ಮರದ ನೆರಳಿಗೆ ಕಾಲಿಟ್ಟ. ಹುಳ ನಿಂತ್ವು. ಒಮ್ಮೆಗೇ. ಯಾರೋ ಗುಂಡಿ ಒತ್ತಿ ಬಂದ್ ಮಾಡಿದಂಗ.

ಆಮೇಲೆ ಬ್ಯಾರೆ ಸಪ್ಪಳ. "ಟಣ್..." ಸ್ವಲ್ಪ ತಡದು ಮತ್ತ... "ಟಣ್..." ಕಾದ ಕಬ್ಬಣ ಆರುವಾಗ ಬರತೈತಲ್ಲ, ಹಂಗ.

ಬಾವಿ ಬಾಯಿ ತಗದಿತ್ತು. ಗಡಗಡಿ ಇತ್ತು, ಹಗ್ಗ ಇತ್ತು. ಬಾವಿ ಪಕ್ಕ ಏನೋ ನಿಂತಿತ್ತು. ನೊಗ ಇಲ್ಲದ ಚಕ್ಕಡಿ ಇದ್ದಂಗ. ಅದರ ಹೊಟ್ಯಾಗ ಕೆಂಪಗ ಕೆಂಡ. ಕೆಂಡದ ಮುಂದ ಒಬ್ಬಾಂವ ಈ ಕಡೆ ಬೆನ್ನು ಮಾಡಿ ಕುಕ್ಕರಗಾಲಿಲೆ ಕುಂತಿದ್ದ. ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು. ಅಂಗಿಯಿಂದ ಹನಿ ಬೀಳತಿದ್ವು. ಒಂದೊಂದು ಹನಿ ನೆಲ ಮುಟ್ಟಿದ ಕೂಡಲೆ "ಚುಸ್..." ಅಂತಿತ್ತು.

ಅಂವ ಹೊಳ್ಳಿ ನೋಡಲಿಲ್ಲ. ಏನೋ ಮುಷ್ಟಿ ತುಂಬ ತಗೊಂಡು ಕೆಂಡದಾಗ ಒಗದ. "ಚಿಟ್... ಚಿಟ್..." ಹೊಗಿ ಎದ್ದು ಸುನೀಲಣ್ಣನ ಮುಖದ ಮ್ಯಾಲೆ ಬಂತು.

"ಘಾಟು ಬಂತೇನ್ರಿ, ಸಾವ್ಕಾರ್ರ?"

ಮೆತ್ತಗ ಕೇಳಿದ. ಭಾಳ ಮರ್ಯಾದಿಲೆ.

ಸುನೀಲಣ್ಣ ಕ್ಯಾನ್ ಎದಿಗೆ ಅವಚಿಕೊಂಡ.

"ನನ್ನ ಮೂಗು ಹೋಗೈತ್ರಿ. ನೀವ ಹೇಳಬೇಕು... ಬಂತೇನ್ರಿ?"

ಘಾಟು ಬಂದಿದ್ದಿಲ್ಲ. ಹೊಗಿ ಕಣ್ಣಿಗೆ ಕಾಣತಿತ್ತು, ಮೂಗಿಗೆ ಏನೂ ಇಲ್ಲ. ಇಲ್ಲ ಅಂತ ಒಂದು ಮಾತು ಅಂದಿದ್ರ ಮುಗೀತಿತ್ತು. ಆದ್ರ ಸಣ್ಣಾಂವ ಇದ್ದಾಗಿಂದ ಆ ಹೊಗಿ ಮುಖಕ್ಕ ಬಂದಾಗೆಲ್ಲ ಏನು ಮಾಡ್ತಿದ್ದನೋ ಅದನ್ನ ಮಾಡ್ಯಾನ.

ಕೆಮ್ಯಾನ.

"ಹಂಗಾರ ಆತ್ರಿ," ಅಂದಿತು ಅದು. "ನೀರು ಹಾಕ್ತೇನ್ರಿ."

ಎದ್ದಿತು. ಸುನೀಲಣ್ಣನ ಕೈಯಾಗಿನ ಕ್ಯಾನ್ ತಗೊಂಡಿತು. ಕೈ ಮುಟ್ಟಲಿಲ್ಲಂತ, ಬಿಸಿ ಮುಟ್ಟಿತಂತ, ಅನ್ನದ ಗಂಜಿ ಬಸಿಯುವಾಗ ಹೊಡೀತೈತಲ್ಲ, ಅಂಥಾ ಬಿಸಿ. ಕ್ಯಾನ್ ತಗೊಂಡು ಅದು ರಸ್ತಾ ಹಿಡೀತು. ಮಟಾಡೋರ್ ಇದ್ದ ಕಡೆ. ಚಪ್ಪಲಿ ಸಪ್ಪಳ ಬಂತು... "ಫಟ್... ಫಟ್..." ಸುನೀಲಣ್ಣ ಬಗ್ಗಿ ನೋಡ್ಕೊಂಡಾನ. ಅವನ ಚಪ್ಪಲಿ ಅವನ ಕಾಲಾಗ ಇದ್ವು.

ಅವಾಗ ಅಂವ ಒದರಬೇಕಿತ್ತು.

"ಯಾಕ ಒದರಲಿಲ್ಲ ಅಣ್ಣಾ?" ಅಂದೆ ನಾ.

"ಒದರಿದ್ರ ಹೊಳ್ಳಿ ನನ್ನ ಕಡೆ ಬರತಿತ್ತು, ಶೈಲಾ," ಅಂದ.

ಒದರಲಿಲ್ಲ. ಬಾವಿ ಕಟ್ಟಿ ಹಿಂದ ಹೋಗಿ ಕುಂತಾನ. ಕುಂತಲ್ಲೆ ಎಲ್ಲಾ ಕೇಳಿಸೇತಿ. ರಾತ್ರಿ ಭಾಳ ದೂರ ಕೇಳತೈತಲ್ಲ.

"ಬಂದ್ರೇನ್ರಿ? ಇಷ್ಟ ಲಗೂ?" ಮೈಲಾರೆಪ್ಪನ ಧ್ವನಿ.

ಏನೋ ಗುಣುಗುಣು.

"ಏನಂದ್ರಿ? ...ತಗೀಲೇನ್ರಿ? ಇನ್ನೂ ಬಿಸಿ ಐತ್ರಿ."

ಮತ್ತ ಗುಣುಗುಣು.

"ಆತ್ರಿ. ನೀವ ಹೇಳಿದ ಮ್ಯಾಲೆ ಆತ್ರಿ."

ಆಮೇಲೆ... "ಢಬ್."

ಅದರ ಹಿಂದ "ಸ್ಸ್ಸ್ಸ್..." ಅಂತ ಉದ್ದಕ. ಅದು ನಿಂತ ಮ್ಯಾಲೆ ಮೈಲಾರೆಪ್ಪ ಒದರಾಕ ಹತ್ಯಾನ. ಸುನೀಲಣ್ಣ ಎರಡೂ ಕಿವಿ ಮುಚ್ಕೊಂಡಾನ. ಎಷ್ಟೊತ್ತು ಅಂತ ಅವಗೂ ಗೊತ್ತಿಲ್ಲ. ಎದ್ದು ಹೋಗುವಾಗ ಅಲ್ಲಿ ಒದರೂದು ನಿಂತು ನಾಯಿಮರಿ ಕುಂಯಿಗುಟ್ಟಿದಂಗ ಬರೇ ಸಣ್ಣ ಸಪ್ಪಳ ಉಳಿದಿತ್ತಂತ.

ಹುಬ್ಬಳ್ಳಿಗೆ ಒಯ್ದ್ರು. ಒಂಬತ್ತು ದಿನ ಇದ್ದ. ಮುಖ, ಎದಿ, ಕೈ, ಎಲ್ಲಾ ಬೆಂದಿತ್ತು. ಕಣ್ಣಿಗೆ ಪಟ್ಟಿ. ಐದನೇ ದಿನ ಹೇಣ್ತಿ ನೀರು ಹಿಡಿಯಾಕ ಹೊರಗ ಹೋಗಿದ್ದಾಗ ಸುನೀಲಣ್ಣ ಹಾಸಿಗಿ ಹಂತ್ಯಾಕ ಕುಂತಿದ್ದ. ಮೈಲಾರೆಪ್ಪ ಅವನ ಕೈ ತಡಕ್ಯಾನ.

"ನೀವು ತಗೀ ಅಂದ್ರಿ ಅಂತ ನಾ ತಗದ್ನಿ, ಸಣ್ಣ ಸಾವ್ಕಾರ್ರ," ಅಂದಾನ. "ನೀವು ದೂರ ಸರದಿದ್ರಿ, ಚಲೋ ಆತು. ಇಲ್ಲಂದ್ರ ನಿಮಗೂ ಹಾರತಿತ್ತು."

ಸುನೀಲಣ್ಣ "ನಾ ಅಲ್ಲ" ಅಂತ ಹೇಳಿಲ್ಲ. ಏನಂತ ಹೇಳಬೇಕು? ಸುಮ್ನ ಕೈ ಬಿಡಿಸ್ಕೊಂಡು ಹೊರಗ ಬಂದಾನ.

ಮೈಲಾರೆಪ್ಪ ತೀರಿಕೊಂಡ ರಾತ್ರಿ ಸುನೀಲಣ್ಣ ಇದನ್ನೆಲ್ಲ ನನಗ ಹೇಳಿದ. ನಾ ಕೆಳಗಿಳಿದು ಆಯಿ ಹಂತ್ಯಾಕ ಹೋದೆ. ಅಕೀ ನಿದ್ದಿ ಮಾಡಿದ್ದಿಲ್ಲ.

"ಆಯಿ, ಮೂರನೇ ಗಾಡಿ ಆ ಬಾವ್ಯಾಗ ಐತೇನು?"

ಆಯಿ ಚಾದರ ಸರಿಸಿ ಎದ್ದು ಕುಂತಳು. ಆಮೇಲೆ ಗ್ವಾಡಿ ಕಡೆ ಮುಖ ಮಾಡಿ ಹೇಳಿದಳು. ಮುತ್ತಜ್ಜ ಸಾಯುವಾಗ ಅಕಿಗೆ ಹೇಳಿದ್ದು, ಅಕಿ ಐವತ್ತು ವರ್ಷ ಹೊಟ್ಯಾಗ ಇಟ್ಕೊಂಡಿದ್ದು.

ಮೂರನೇ ಗಾಡಿ ನೋಡಾಕ ಹುಬ್ಬಳ್ಳಿಯಿಂದ ಇಬ್ಬರು ದೊಡ್ಡ ಸಾವ್ಕಾರ್ರು ಬಂದಿದ್ರು. ಬ್ಯಾಡಗಿಯಿಂದ ಹಾವೇರಿತನ ಓಡಿಸಿ ತೋರ್ಸಿದ್ರ ಇಪ್ಪತ್ತು ಗಾಡಿ ಮಾಡಿಸ್ತೇವಿ ಅಂದಿದ್ರು. ಹೊಂಡೂಕಿಂತ ಮೊದಲ ದೃಷ್ಟಿ ತಗದ್ರು. ಬ್ಯಾರೆ ಗಾಡಿಗೆ ಕೆಂಡ ತರಬೇಕು, ಇದರ ಹೊಟ್ಯಾಗ ಕೆಂಡ ಇತ್ತು. ಅದರಾಗ ಒಗದ್ರು. ಘಾಟು ಬರಲಿಲ್ಲ. ಎರಡು ಸಲ, ಮೂರು ಸಲ. ಮಂದಿ ಹಿಂದ ಸರಿಯಾಕ ಹತ್ತಿದ್ರು. ಯೂಸುಫಸಾಬ ಗಾಡಿ ಮುಂದ ಕುಂತು ಕೇಳ್ಯಾನ, "ಘಾಟು ಬಂತೇನ್ರಿ, ಸಾವ್ಕಾರ್ರ?" ಘಾಟು ಬರದಿದ್ರ ಗಾಡಿ ಬಿಡಂಗಿಲ್ಲ ಅಂತ ಅಂವ ಮೊದಲ ಹೇಳಿದ್ದ. ಅವನ ಮೂಗು ಸತ್ತಿತ್ತು. ಮುತ್ತಜ್ಜ ಹುಬ್ಬಳ್ಳಿಯವ್ರ ಮುಖ ನೋಡ್ದ. ಕೆಮ್ಮಿದ.

ಆಲದ ಮರದ ಬಾವಿಗೆ ಬರೂದ್ರಾಗ ಬಾಯ್ಲರ್ ಒಣಗಿ ಕೆಂಪಗಾಗಿತ್ತು. ಆರ್ಲಿ ಅಂದ ಯೂಸುಫಸಾಬ. ಹೊತ್ತಾಗತೈತಿ, ನೀರು ಹಾಕು ಅಂದ ಮುತ್ತಜ್ಜ. ಹೇಳಿ, ಬಾವಿ ಕಟ್ಟಿ ಹಿಂದ ಸರದು ನಿಂತ. ಅವಗ ಗೊತ್ತಿತ್ತು.

"ಗೊತ್ತಿತ್ತೇನು ಆಯಿ?"

"ಗೊತ್ತಿಲ್ಲಂದ್ರ ಯಾಕ ಸರದು ನಿಂತ?" ಅಂದ್ಲು.

ಬಾಯ್ಲರ್ ಒಡೀತು. ಯೂಸುಫಸಾಬ ಮೈ ಉರಿ ತಡಿಯಲಾರದ ಬಾವ್ಯಾಗ ಹಾರಿದ. ಸತ್ತಿದ್ದಿಲ್ಲ. ಒಳಗಿಂದ ಒದರತಿದ್ದ. ಗಡಗಡಿ ಇತ್ತು, ಹಗ್ಗ ಇತ್ತು. ಮೇಲೆ ಬಂದ್ರ ಕೇಸ್ ಆಗತೈತಿ ಅಂದ್ರು ಹುಬ್ಬಳ್ಳಿಯವ್ರು. ಹಗ್ಗ ಬಿಡಲಿಲ್ಲ. ಒಳಗ ಸುಮ್ನ ಆಗೂತನ ಕುಂತ್ರು. ಆಮೇಲೆ ಗಾಡಿ ಚೂರು ಒಂದೊಂದ ಎತ್ತಿ ಬಾವ್ಯಾಗ ಒಗದು, ಮ್ಯಾಲೆ ಹಾಸಗಲ್ಲು ಮುಚ್ಚಿಸಿದ್ರು. ಊರಾಗ ಬಂದು ಯೂಸುಫಸಾಬ ಗಾಡಿ ಕದ್ದು ಓಡಿ ಹೋದ ಅಂದ್ರು. ಅವನ ಹೇಣ್ತಿ ಮಂದಿ ಉಗುಳೂದು ತಡಿಯಲಾರದ ಊರು ಬಿಟ್ಟಳು.

"ಅದಕ್ಕ ಕೆಮ್ಮೂದು," ಅಂದ್ಲು ಆಯಿ. "ನಿಮ್ಮ ಮುತ್ತಜ್ಜ ಕಲಿಸಿದ್ದು. ಅಂವ ಕೇಳಾಕ ಬರ್ತಾನ ಅಂತ ಅಂಜಿ, ಯಾವಾಗ ಕೇಳಿದ್ರೂ ಉತ್ತರ ಒಂದ ಇರ್ಲಿ ಅಂತ."

ನಿರ್ಮಲಾ, ಹಾಸಗಲ್ಲು ಅಂದೆ ಅಲ್ಲ? ಸುನೀಲಣ್ಣ ಹೇಳಿದ ಬಾವಿ ಬಾಯಿ ತಗದಿತ್ತು. ಮೈಲಾರೆಪ್ಪ ಬೆಂದ ಮರುದಿನ ಮುಂಜಾನೆ ಗಾಡಿ ತರಾಕ ದೊಡ್ಡಪ್ಪ ನಾಕ ಮಂದೀನ್ನ ಕರಕೊಂಡು ಹೋಗಿ ನೋಡ್ಯಾನ. ಕಟ್ಟಿ ಮ್ಯಾಲೆ ಮೂರು ಹಾಸಗಲ್ಲು. ಅದರ ಮ್ಯಾಲೆ ಆಲದ ಬೇರು ತೊಡಿ ದಪ್ಪ ಬೆಳದು ಹಬ್ಬೇತಿ. ಗಡಗಡಿ ಇಲ್ಲ, ಹಗ್ಗ ಇಲ್ಲ. ಮಟಾಡೋರಿನ ಮುಂದಿನ ಗಾಲಿ ಹಂತ್ಯಾಕ ಕ್ಯಾನ್ ಇತ್ತು. ತುಂಬಿತ್ತು. ಅಲ್ಲಿ ಸುತ್ತಾ ಒಂದು ಮೈಲಿ ನೀರಿಲ್ಲ.

ಗುಡ್ಡವ್ವ, ಅಂದ್ರ ಮೈಲಾರೆಪ್ಪನ ಹೇಣ್ತಿ, ದಿನಕರ್ಮ ಮುಗಿಸಿದ ಮ್ಯಾಲೆ ನಮ್ಮ ಮನಿಗೆ ಬಂದಳು. ಗಂಡನ ಸಾಮಾನು ಒಯ್ಯಾಕ. ಬುತ್ತಿ ಡಬ್ಬಿ, ಟಾವೆಲ್ಲು, ಚೀಲ ಎತ್ತೂ ಕೊಕ್ಕಿ. ಪಡಸಾಲ್ಯಾಗ ಕುಂದ್ರಲಿಲ್ಲ, ಬಾಗಲದಾಗ ನಿಂತಿದ್ದಳು.

"ಏನಾತ್ರಿ ಸಾವ್ಕಾರ್ರ ಅವತ್ತ?"

"ಕುಡದಿದ್ದನವ್ವಾ," ಅಂದ ದೊಡ್ಡಪ್ಪ. "ನಾವು ಬ್ಯಾಡ ಅಂದ್ರೂ ತಾನ ಮುಚ್ಚಳ ತಗದಾನ."

"ಅವ್ರು ಕುಡೀತಿದ್ದಿಲ್ರಿ."

"ಅವತ್ತು ಕುಡದಿದ್ದ."

ಗುಡ್ಡವ್ವ ಮತ್ತ ಕೇಳಲಿಲ್ಲ. ಹೊಂಡುವಾಗ ದೊಡ್ಡವ್ವ ಆ ಕ್ಯಾನನ್ನೂ ಅಕಿ ಕೈಯಾಗ ಕೊಟ್ಟಳು. "ತುಂಬಿದ್ದು ಹಂಗ ಐತಿ, ಚೆಲ್ಲಿ ಬಳಸ್ಕೋ, ಚಲೋ ಗಟ್ಟಿ ಐತಿ" ಅಂತ. ಗಂಡನ್ನ ಕೊಂದಾಂವ ಹಿಡ್ಕೊಂಡು ಹೋಗಿದ್ದ ಕ್ಯಾನ್ ಅದು. ನಾವು ಅಕಿಗೆ ಕೊಟ್ಟಿದ್ದು ಅದೊಂದ.

ಮೂರನೇ ದಿನ ಹೊಳ್ಳಿ ಬಂದಳು. ದೇವರಗುಡ್ಡದಿಂದ, ಕ್ಯಾನ್ ತಲಿ ಮ್ಯಾಲೆ ಹೊತ್ಕೊಂಡು, ಕೆಳಗ ಸಿಂಬಿ ಇಟ್ಕೊಂಡು. ಬಾಗಲದಾಗ ಇಳಿಸಿದಳು.

"ಇದರಾಗಿನ ನೀರು ಆರವಲ್ದ್ರಿ," ಅಂದಳು.

ದೊಡ್ಡವ್ವ ಒಂದು ಹೆಜ್ಜಿ ಹಿಂದ ಸರದಳು.

"ನಾ ಎರಡು ಸಲ ಚೆಲ್ಲಿದ್ನಿ. ಮುಂಜಾನೆ ನೋಡಿದ್ರ ತುಂಬಿರತೈತಿ. ನನಗ ಬ್ಯಾಡ್ರಿ ಇದು." ಸೆರಗಿನ್ಲೆ ಕೈ ಒರಸ್ಕೊಂಡಳು. ಆಮೇಲೆ ದೊಡ್ಡಪ್ಪನ್ನ ಅಲ್ಲ, ಸುನೀಲಣ್ಣನ್ನ ನೋಡಿ ಕೇಳಿದಳು. ಅವತ್ತು ಪೂಜಿಗೆ ಅಕಿ ಬಂದಿದ್ದಿಲ್ಲ.

"ಸಣ್ಣ ಸಾವ್ಕಾರ್ರ, ಗಾಡಿ ಪೂಜಿ ದಿನ ಘಾಟು ಬಂದಿತ್ತೇನ್ರಿ? ಬರದಿದ್ರ ಇವ್ರು ಆ ಗಾಡಿ ಹತ್ತತಿದ್ದಿಲ್ಲ. ಅದಕ್ಕ ಕೇಳ್ತೇನ್ರಿ."

ಮೈಲಾರೆಪ್ಪ ಪೂಜಿ ಹೊತ್ತಿಗೆ ಹಿತ್ತಲದಾಗ ಚೀಲ ಹೊರತಿದ್ದ. ಅವಗೂ ಯಾರೂ ಹೇಳಿದ್ದಿಲ್ಲ.

ಸುನೀಲಣ್ಣನ ಬಾಯಿ ತೆರೀತು. ಹೇಳ್ತಾನ ಅಂದ್ಕೊಂಡೆ. ಖರೇ ಹೇಳ್ತಾನ ಅಂದ್ಕೊಂಡೆ. ಅಂವ ದೊಡ್ಡಪ್ಪನ ಮುಖ ನೋಡ್ದ.

ಕೆಮ್ಮಿದ.

ಎರಡು ಸಲ, ಸಣ್ಣಗ, ಮುಷ್ಟಿ ಬಾಯಿಗಿಟ್ಟು.

"ಹಂಗಾರ ಆತ್ರಿ," ಅಂದಳು ಗುಡ್ಡವ್ವ. ನಮಸ್ಕಾರ ಮಾಡಿ ಹೊಂಟು ಹೋದಳು. ನಾ ಕಂಬದ ಹಿಂದ ಪುಸ್ತಕ ಹಿಡ್ಕೊಂಡು ನಿಂತಿದ್ದೆ. ಓಣಿ ತಿರುವಿನ ತನಕ ಅಕಿ ಕಂಡಳು. ಓಡಿ ಹೋಗಿ ಹೇಳಬಹುದಿತ್ತು.

ಅವತ್ತು ಘಾಟು ಬಂದಿದ್ದಿಲ್ಲ. ಹೊಗಿ ನನ್ನ ಮುಖದ ಮ್ಯಾಲೆ ಬಂದಿತ್ತು, ನನಗ ಗೊತ್ತೈತಿ. ಬಂದಿದ್ದಿಲ್ಲ. ಇದನ್ನ ಇವತ್ತು ಮೊದಲನೇ ಸಲ ಬಾಯಿಬಿಟ್ಟು ಹೇಳಾಕತ್ತೇನಿ.

ಸುಳ್ಳು ಅನಸಿದ್ರ ಸೂಟಿಗೆ ನನ್ನ ಜೋಡಿ ಬ್ಯಾಡಗಿಗೆ ಬರ್ರಿ. ಮಟಾಡೋರ್ ಮಾರಿದ್ರು. ಸುನೀಲಣ್ಣ ಈಗ ಮಾತು ಕಡಿಮಿ ಮಾಡ್ಯಾನ, ನೀವು ಕೇಳಿದ್ರ ಹೇಳಂಗಿಲ್ಲ. ಆದ್ರ ಕ್ಯಾನ್ ಐತಿ. ಹಿತ್ತಲದಾಗ, ಹಳೇ ಕುಲುಮಿ ಇದ್ದ ಜಾಗಾದಾಗ, ಯಾರೂ ಮುಟ್ಟಂಗಿಲ್ಲ. ಮೊನ್ನೆ ಸೂಟಿಗೆ ಹೋದಾಗ ನಾ ಮುಟ್ಟಿ ನೋಡ್ದೆ. ಮುಚ್ಚಳದ ತನಕ ತುಂಬಿತ್ತು.

ಬೆಚ್ಚಗ ಇತ್ತು.